ಅಮೆರಿಕದ ರಾಜತಾಂತ್ರಿಕ ಕೇಬಲ್‌ಗಳ ಸೋರಿಕೆ ಮತ್ತು ಜನರ ಪ್ರತಿಕ್ರಿಯೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೇಬಲ್ ಸೋರಿಕೆ ಅಂದರೆ ಯಾವ ಪ್ರಕರಣ?

2010ರ ನವೆಂಬರ್ 28ರಂದು, ಗುಟ್ಟಿನ ದಾಖಲೆಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸುವ ವಿಕಿಲೀಕ್ಸ್ ಸಂಸ್ಥೆ ಅಮೆರಿಕದ ವಿದೇಶಾಂಗ ಇಲಾಖೆಯ ಒಳಪತ್ರಗಳನ್ನು ಹೊರಹಾಕಲು ಶುರುಮಾಡಿತು. ಅದರ ಕೈಗೆ ಸಿಕ್ಕಿದ್ದು ಒಟ್ಟು 2,51,287 ಪತ್ರಗಳು. ಜಗತ್ತಿನ ಬೇರೆ ಬೇರೆ ಊರುಗಳಲ್ಲಿರುವ ಅಮೆರಿಕದ ರಾಯಭಾರ ಕಚೇರಿ ಮತ್ತು ಕಾನ್ಸುಲೇಟ್‌ಗಳು ವಾಷಿಂಗ್ಟನ್ನಿಗೆ ಕಳಿಸುವ, ಅಲ್ಲಿಂದ ತರಿಸಿಕೊಳ್ಳುವ ವರದಿಗಳಿಗೆ ಕೇಬಲ್ ಅನ್ನುತ್ತಾರೆ. ಸೋರಿದವುಗಳಲ್ಲಿ ಅತ್ಯಂತ ಹಳೆಯದು 1966ರದ್ದು, ಕೊನೆಯವು 2010ರ ಫೆಬ್ರವರಿಯವು. ಮೊದಲ ಸುತ್ತಿನಲ್ಲಿ ದಿ ಗಾರ್ಡಿಯನ್, ದಿ ನ್ಯೂಯಾರ್ಕ್ ಟೈಮ್ಸ್, ಡೆರ್ ಶ್ಪೀಗಲ್, ಲ ಮಾಂಡ್ ಮತ್ತು ಎಲ್ ಪಾಯಿಸ್ ಈ ಐದು ಪತ್ರಿಕೆಗಳು ಪತ್ರಗಳನ್ನು ಓದಿ, ಅಪಾಯಕ್ಕೆ ಸಿಲುಕಬಹುದಾದವರ ಹೆಸರು ಅಳಿಸಿ, ಆರಿಸಿ ಪ್ರಕಟಿಸಿದವು.

ಇವೆಲ್ಲ ಪರಮ ರಹಸ್ಯ ದಾಖಲೆಗಳೇ?

ಅಲ್ಲ. ಅರ್ಧಕ್ಕಿಂತ ಹೆಚ್ಚು, ಅಂದರೆ 1,33,887 ಕೇಬಲ್‌ಗಳಿಗೆ ಯಾವ ಗೋಪ್ಯತೆಯ ಮುದ್ರೆಯೂ ಇರಲಿಲ್ಲ. 1,01,748 ಪತ್ರಗಳು ‘ಗೋಪ್ಯ’ ದರ್ಜೆಯವು, 15,652 ಮಾತ್ರ ‘ರಹಸ್ಯ’ ದರ್ಜೆಯವು. ‘ಪರಮ ರಹಸ್ಯ’ ಎಂಬ ಅತಿ ಮೇಲಿನ ದರ್ಜೆಯದು ಒಂದೂ ಇರಲಿಲ್ಲ. ‘ಅಮೆರಿಕದ ಎಲ್ಲ ಗುಟ್ಟೂ ಬಯಲಾಯಿತು’ ಎಂದು ಆಗ ಟಿವಿಗಳಲ್ಲಿ ಕೂಗಿದ್ದು ನಿಜವಲ್ಲ. ಆದರೆ ಗೋಪ್ಯತೆಯ ಮುದ್ರೆ ಇಲ್ಲದ ಪತ್ರವನ್ನೂ ಸಾರ್ವಜನಿಕರು ನೋಡುವಂತಿರಲಿಲ್ಲ, ಅದನ್ನೂ ನೆನಪಿಡಬೇಕು.

ಹೊರಗೆ ತಂದವರು ಯಾರು?

ಇರಾಕಿನಲ್ಲಿ ಗುಪ್ತಚರ ವಿಶ್ಲೇಷಕರಾಗಿದ್ದ ಅಮೆರಿಕದ ಸೈನಿಕರೊಬ್ಬರು. ಆಗ ಬ್ರಾಡ್ಲಿ ಮ್ಯಾನಿಂಗ್, ಈಗ ಹೆಣ್ಣೆಂದು ಗುರುತಿಸಿಕೊಂಡಿರುವ ಚೆಲ್ಸಿ ಮ್ಯಾನಿಂಗ್. 2010ರ ಮೇ ತಿಂಗಳಲ್ಲಿ ಬಂಧನವಾದಾಗ ಆಕೆಗೆ 22 ವರ್ಷ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಒಂದು ಇಲಾಖೆಯ ಮಾಹಿತಿ ಇನ್ನೊಂದಕ್ಕೆ ಸಿಗಲಿಲ್ಲ ಎಂಬ ಟೀಕೆ ಎದ್ದಿತ್ತು. ಅದಕ್ಕೇ ಕೇಬಲ್‌ಗಳನ್ನು ಸೇನೆಯ ಜಾಲದಲ್ಲೂ ಓದಲು ಬರುವಂತೆ ಮಾಡಿದ್ದರು. ಹೀಗೆ ಲಕ್ಷಾಂತರ ಜನರಿಗೆ ತೆರೆದಿಟ್ಟ ಕಡತಗಳನ್ನು ಮ್ಯಾನಿಂಗ್ ನಕಲು ಮಾಡಿಕೊಂಡು ವಿಕಿಲೀಕ್ಸಿಗೆ ಕೊಟ್ಟರು.

ಅಮೆರಿಕದ ಸಾಮಾನ್ಯ ಜನ ಇದನ್ನು ಹೇಗೆ ತೆಗೆದುಕೊಂಡರು?

ಬಹುಪಾಲು ಜನ ವಿರೋಧಿಸಿದರು. ಸರ್ಕಾರದ ಗುಟ್ಟು ಹೊರಬಿದ್ದರೆ ಜನ ಸಂತೋಷಪಡುತ್ತಾರೆ ಎಂದು ನಾವು ದೂರದಿಂದ ಊಹಿಸುತ್ತೇವೆ, ಹಾಗಾಗಲಿಲ್ಲ. 2010ರ ಡಿಸೆಂಬರಿನಲ್ಲಿ ವಾಷಿಂಗ್ಟನ್ ಪೋಸ್ಟ್ ಮತ್ತು ಎಬಿಸಿ ಸೇರಿ ನಡೆಸಿದ ಸಮೀಕ್ಷೆಯಲ್ಲಿ ಶೇ 68 ಮಂದಿ ಈ ಸೋರಿಕೆಯಿಂದ ಸಾರ್ವಜನಿಕ ಹಿತಕ್ಕೆ ಧಕ್ಕೆಯಾಗಿದೆ ಅಂದರು. ವಿಕಿಲೀಕ್ಸ್ ಸ್ಥಾಪಕ ಜೂಲಿಯನ್ ಅಸಾಂಜ್ ಅವರನ್ನು ಬಂಧಿಸಬೇಕು ಅಂದವರು ಶೇ 59.

ಅದೇ ತಿಂಗಳು ಟೈಮ್ ಪತ್ರಿಕೆ ವರ್ಷದ ವ್ಯಕ್ತಿ ಯಾರಾಗಬೇಕೆಂದು ಓದುಗರನ್ನು ಕೇಳಿತ್ತು. ಅಂತರ್ಜಾಲದ ಆ ಮತದಾನದಲ್ಲಿ ಅಸಾಂಜ್ ಸುಮಾರು 3.8 ಲಕ್ಷ ಮತ ಪಡೆದು ಮೊದಲಿಗರಾದರು. ಸಂಪಾದಕರು ಆರಿಸಿದ್ದು ಫೇಸ್‌ಬುಕ್‌ನ ಮಾರ್ಕ್ ಜುಕರ್‌ಬರ್ಗ್ ಅವರನ್ನು. ಎರಡೂ ಲೆಕ್ಕಗಳನ್ನು ಒಟ್ಟಿಗೆ ನೋಡಬೇಕು. ಅಮೆರಿಕದ ಮನೆಮನೆಗೆ ಫೋನು ಮಾಡಿ ಕೇಳಿದಾಗ ಬಂದ ಉತ್ತರವೇ ಬೇರೆ, ಅಂತರ್ಜಾಲದಲ್ಲಿ ತಾವಾಗಿಯೇ ಬಂದು ಮತ ಒತ್ತಿದವರ ಉತ್ತರವೇ ಬೇರೆ. ‘ಜನಾಭಿಪ್ರಾಯ’ ಎಂದು ಯಾರಾದರೂ ಬರೆದರೆ ಯಾವ ಜನ, ಯಾರು ಕೇಳಿದ್ದು ಎಂದು ಮೊದಲು ವಿಚಾರಿಸಿ.

ಅಮೆರಿಕ ಸರ್ಕಾರ ಏನು ಹೇಳಿತು?

ಒಂದೇ ಸರ್ಕಾರದಿಂದ ಎರಡು ಬಗೆಯ ಮಾತು ಬಂತು. ವಿದೇಶಾಂಗ ಸಚಿವೆ ಹಿಲರಿ ಕ್ಲಿಂಟನ್ ಇದು ಅಮೆರಿಕದ ಮೇಲಷ್ಟೇ ಅಲ್ಲ, ಅಂತರರಾಷ್ಟ್ರೀಯ ಸಮುದಾಯದ ಮೇಲೇ ನಡೆದ ದಾಳಿ ಅಂದರು. ಮರುದಿನವೇ ರಕ್ಷಣಾ ಸಚಿವ ರಾಬರ್ಟ್ ಗೇಟ್ಸ್, ಮುಜುಗರವಾಗಿದೆ ನಿಜ, ಆದರೆ ವಿದೇಶಾಂಗ ನೀತಿಯ ಮೇಲೆ ಇದರ ಪರಿಣಾಮ ಸಾಧಾರಣವಷ್ಟೇ ಎಂಬರ್ಥದಲ್ಲಿ ಮಾತಾಡಿದರು. ಬೇರೆ ದೇಶಗಳು ನಮ್ಮೊಂದಿಗೆ ವ್ಯವಹರಿಸುವುದು ನಮ್ಮನ್ನು ಇಷ್ಟಪಟ್ಟು ಅಲ್ಲ, ತಮ್ಮ ಹಿತಕ್ಕಾಗಿ ಎಂಬುದು ಅವರ ವಾದ. ಇಷ್ಟು ವರ್ಷ ಕಳೆದ ಮೇಲೆ ನೋಡಿದರೆ ಗೇಟ್ಸ್ ಮಾತೇ ವಾಸ್ತವಕ್ಕೆ ಹತ್ತಿರವಿತ್ತು ಎಂದು ನನಗನ್ನಿಸುತ್ತದೆ.

ಅಮೆರಿಕದ ಸಂಸದ ಪೀಟರ್ ಕಿಂಗ್ ವಿಕಿಲೀಕ್ಸನ್ನು ಭಯೋತ್ಪಾದಕ ಸಂಘಟನೆ ಎಂದು ಘೋಷಿಸಬೇಕೆಂದು ಒತ್ತಾಯಿಸಿದರು. ಎಲ್ಲ ಪತ್ರಿಕೆಗಳಲ್ಲೂ ಅಚ್ಚಾಗಿದ್ದ ಕೇಬಲ್‌ಗಳನ್ನು ಅನುಮತಿಯಿಲ್ಲದೆ ಓದಬಾರದು ಎಂದು ಕೇಂದ್ರ ನೌಕರರಿಗೆ ಸೂಚನೆ ಹೋಯಿತು. ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಕಂಪ್ಯೂಟರುಗಳಲ್ಲಿ ವಿಕಿಲೀಕ್ಸ್ ತಾಣವನ್ನು ತಡೆಹಿಡಿಯಿತು. ಒಂದು ದೇಶದ ರಾಷ್ಟ್ರೀಯ ಗ್ರಂಥಾಲಯ ಜಗತ್ತೇ ಓದುತ್ತಿದ್ದ ಬರಹಕ್ಕೆ ಬಾಗಿಲು ಮುಚ್ಚಿದ್ದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಕಂಪನಿಗಳು ವಿಕಿಲೀಕ್ಸಿನ ಕೈಬಿಟ್ಟವಂತೆ, ಅದರ ಕಥೆ ಏನು?

ಡಿಸೆಂಬರ್ ಮೊದಲ ವಾರದಲ್ಲೇ ಅಮೆಜಾನ್ ತನ್ನ ಸರ್ವರಿನಿಂದ ತಾಣವನ್ನು ತೆಗೆದುಹಾಕಿತು. ಅದರ ಬೆನ್ನಿಗೆ ಪೇಪಾಲ್, ಮಾಸ್ಟರ್‌ಕಾರ್ಡ್, ವೀಸಾ ಒಂದೊಂದಾಗಿ ದೇಣಿಗೆಯ ದಾರಿ ಮುಚ್ಚಿದವು. ಯಾವ ನ್ಯಾಯಾಲಯವೂ ಹೀಗೆ ಮಾಡಿ ಎಂದು ಆದೇಶಿಸಿರಲಿಲ್ಲ. ಇದಕ್ಕೆ ಸಿಟ್ಟಾದ ಅನಾನಿಮಸ್ ಎಂಬ ಹೆಸರಿನ ಗುಂಪು ಮಾಸ್ಟರ್‌ಕಾರ್ಡ್ ಮತ್ತು ವೀಸಾ ತಾಣಗಳ ಮೇಲೆ ಏಕಕಾಲಕ್ಕೆ ಸಾವಿರಾರು ಕೋರಿಕೆಗಳನ್ನು ಸುರಿದು ಕೆಲವು ಹೊತ್ತು ಅವು ತೆರೆಯದಂತೆ ಮಾಡಿತು. ಅದಕ್ಕಾಗಿ ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ಹಲವು ಯುವಕರ ಮೇಲೆ ಮೊಕದ್ದಮೆ ಬಿತ್ತು. ಇನ್ನೊಂದು ಕಡೆ ಅಪರಿಚಿತ ಬೆಂಬಲಿಗರು ತಾಣದ ಸಾವಿರಕ್ಕೂ ಹೆಚ್ಚು ಪ್ರತಿಗಳನ್ನು ತಮ್ಮ ತಮ್ಮ ಸರ್ವರುಗಳಲ್ಲಿ ಇಟ್ಟರು. ತಾಣಗಳನ್ನು ಬೀಳಿಸುವುದು ನನಗೆ ಒಪ್ಪಿಗೆಯಿಲ್ಲದ ದಾರಿ. ಆದರೆ ವಿಚಾರಣೆಯೇ ಇಲ್ಲದೆ ಒಂದು ಪ್ರಕಾಶನದ ಹಣದ ದಾರಿಯನ್ನು ಮೂರ್ನಾಲ್ಕು ಖಾಸಗಿ ಕಂಪನಿಗಳು ಸೇರಿ ಕತ್ತರಿಸಬಲ್ಲವು ಎಂದು ಜನಕ್ಕೆ ಗೊತ್ತಾದದ್ದು ಆಗಲೇ. ನನ್ನ ಮಟ್ಟಿಗೆ ಅದು ಹಲವು ಕೇಬಲ್‌ಗಳಿಗಿಂತ ದೊಡ್ಡ ಸುದ್ದಿ.

ಟುನೀಷಿಯಾದ ಕ್ರಾಂತಿ ಈ ಸೋರಿಕೆಯಿಂದಲೇ ಆಯಿತೇ?

ಇದು ತುಂಬ ಕೇಳಿಬರುವ ಮಾತು, ಅರ್ಧ ಮಾತ್ರ ಸರಿ.

ಟುನಿಸ್‌ನಲ್ಲಿದ್ದ ಅಮೆರಿಕದ ರಾಯಭಾರಿ ರಾಬರ್ಟ್ ಗೋಡೆಕ್, ಅಧ್ಯಕ್ಷ ಬೆನ್ ಅಲಿಯ ಕುಟುಂಬದ ಭ್ರಷ್ಟಾಚಾರದ ಬಗ್ಗೆ ವಿವರವಾಗಿ ಬರೆದಿದ್ದರು. ಅಧ್ಯಕ್ಷರ ಅಳಿಯನ ಮನೆಯ ಊಟದ ವರ್ಣನೆ ಅದರಲ್ಲಿದೆ: ಫ್ರಾನ್ಸಿನ ಸೇಂಟ್ ಟ್ರೊಪೆಯಿಂದ ವಿಮಾನದಲ್ಲಿ ತರಿಸಿದ ಮೊಸರು ಮತ್ತು ಐಸ್‌ಕ್ರೀಮ್, ಪಂಜರದಲ್ಲಿ ಸಾಕಿದ ಹುಲಿ. ನವಾತ್ ಎಂಬ ಟುನೀಷಿಯಾದವರದೇ ತಾಣ ಈ ಪತ್ರಗಳನ್ನು ಟುನಿಲೀಕ್ಸ್ ಹೆಸರಿನಲ್ಲಿ ಹೊರತಂದಿತು. ಸರ್ಕಾರ ತಡೆಯಲು ನೋಡಿತು, ಜನ ಹೇಗೋ ಓದಿದರು.

ಡಿಸೆಂಬರ್ 17ರಂದು ಸಿದಿ ಬೂಜಿದ್ ಊರಿನಲ್ಲಿ ತಳ್ಳುಗಾಡಿಯ ವ್ಯಾಪಾರಿ ಮೊಹಮ್ಮದ್ ಬೂಅಜೀಜಿ ಅಧಿಕಾರಿಗಳ ಕಿರುಕುಳ ತಾಳಲಾರದೆ ಮೈಗೆ ಬೆಂಕಿ ಹಚ್ಚಿಕೊಂಡ. ಬೀದಿ ಹೊತ್ತಿಕೊಂಡದ್ದು ಅದರಿಂದ. 2011ರ ಜನವರಿ 14ರಂದು ಬೆನ್ ಅಲಿ ದೇಶ ಬಿಟ್ಟು ಓಡಿದ. ಆ ಕುಟುಂಬ ದೇಶವನ್ನು ದೋಚುತ್ತಿದೆ ಎಂದು ಟುನೀಷಿಯಾದ ಜನಕ್ಕೆ ಅಮೆರಿಕದ ರಾಯಭಾರಿ ಹೇಳಬೇಕಿರಲಿಲ್ಲ, ದಿನಾ ಅನುಭವಿಸುತ್ತಿದ್ದರು. ಕೇಬಲ್‌ಗಳು ತಿಳಿಸಿದ್ದು ಬೇರೆಯದನ್ನು: ಹೊರಗೆ ಬೆನ್ ಅಲಿಯನ್ನು ಮಿತ್ರ ಎನ್ನುತ್ತಿದ್ದ ಅಮೆರಿಕಕ್ಕೂ ಒಳಗೊಳಗೆ ಎಲ್ಲವೂ ಗೊತ್ತಿತ್ತು. ಕ್ರಾಂತಿಯ ಶ್ರೇಯಸ್ಸನ್ನು ವಿಕಿಲೀಕ್ಸಿಗೆ ಕೊಟ್ಟರೆ ಬೀದಿಯಲ್ಲಿ ಗುಂಡು ತಿಂದವರಿಗೆ ಅನ್ಯಾಯವಾಗುತ್ತದೆ.

ಭಾರತದಲ್ಲಿ ಏನಾಯಿತು?

ಮೊದಲ ಸುತ್ತಿನಲ್ಲಿ ಅಷ್ಟೇನೂ ಸದ್ದಾಗಲಿಲ್ಲ. ಭದ್ರತಾ ಮಂಡಳಿಯ ಕಾಯಂ ಸ್ಥಾನ ಕೇಳುವ ಭಾರತವೂ ಸೇರಿದ ದೇಶಗಳನ್ನು ‘ತಮಗೆ ತಾವೇ ಮುಂಚೂಣಿಯವರೆಂದು ಹೇಳಿಕೊಂಡವರು’ ಎಂಬರ್ಥದಲ್ಲಿ ಕರೆದ ಕೇಬಲ್ ಒಂದಿಷ್ಟು ಬೇಸರ ತಂದಿತು. ನಿಜವಾದ ಬಿರುಗಾಳಿ ಎದ್ದದ್ದು 2011ರ ಮಾರ್ಚಿನಲ್ಲಿ. ಎನ್. ರಾಮ್ ಸಂಪಾದಕರಾಗಿದ್ದ ದಿ ಹಿಂದೂ ಪತ್ರಿಕೆ ಭಾರತಕ್ಕೆ ಸಂಬಂಧಿಸಿದ ಸುಮಾರು 5,100 ಕೇಬಲ್‌ಗಳನ್ನು ವಿಕಿಲೀಕ್ಸಿನಿಂದ ನೇರವಾಗಿ ಪಡೆದು ಮಾರ್ಚ್ 15ರಿಂದ ಸರಣಿಯಾಗಿ ಪ್ರಕಟಿಸತೊಡಗಿತು.

ಮಾರ್ಚ್ 17ರ ವರದಿ ಸಂಸತ್ತನ್ನೇ ನಿಲ್ಲಿಸಿತು. 2008ರ ಜುಲೈ 22ರಂದು, ಅಣು ಒಪ್ಪಂದದ ವಿಚಾರಕ್ಕೆ ಎಡಪಕ್ಷಗಳು ಬೆಂಬಲ ಹಿಂತೆಗೆದುಕೊಂಡಾಗ, ಮನಮೋಹನ್ ಸಿಂಗ್ ಸರ್ಕಾರ 275–256 ಮತಗಳಿಂದ ವಿಶ್ವಾಸಮತ ಗೆದ್ದಿತ್ತು. ಅವತ್ತು ಬಿಜೆಪಿಯ ಮೂವರು ಸಂಸದರು ಲೋಕಸಭೆಯಲ್ಲೇ ನೋಟಿನ ಕಂತೆಗಳನ್ನು ಎತ್ತಿ ತೋರಿಸಿದ್ದು ಎಷ್ಟೋ ಜನರ ಕಣ್ಣಿಗೆ ಕಟ್ಟಿದಂತಿರಬಹುದು. ಆ ಮತದಾನಕ್ಕೆ ಐದು ದಿನ ಮುಂಚೆ ದೆಹಲಿಯ ಅಮೆರಿಕ ರಾಯಭಾರ ಕಚೇರಿ ಕಳಿಸಿದ ಕೇಬಲ್ ಪ್ರಕಾರ, ಕಾಂಗ್ರೆಸ್ ನಾಯಕ ಸತೀಶ್ ಶರ್ಮಾ ಅವರ ಸಹಾಯಕರೊಬ್ಬರು ರಾಯಭಾರ ಕಚೇರಿಯ ಸಿಬ್ಬಂದಿಗೆ ಹಣ ತುಂಬಿದ ಎರಡು ಪೆಟ್ಟಿಗೆ ತೋರಿಸಿದ್ದರು. ಅಜಿತ್ ಸಿಂಗ್ ಅವರ ರಾಷ್ಟ್ರೀಯ ಲೋಕದಳದ ನಾಲ್ವರು ಸಂಸದರಿಗೆ ತಲಾ 10 ಕೋಟಿ ರೂಪಾಯಿ ಕೊಡಲಾಗಿದೆ ಅಂದಿದ್ದರು ಎಂದೂ ಅದರಲ್ಲಿತ್ತು. ಹೆಸರು ಬಂದವರು ಆರೋಪ ನಿರಾಕರಿಸಿದರು. ಅಜಿತ್ ಸಿಂಗ್ ಕೊಟ್ಟ ಉತ್ತರದಲ್ಲಿ ಹುರುಳಿತ್ತು: ತಮ್ಮ ಪಕ್ಷಕ್ಕಿದ್ದದ್ದೇ ಮೂವರು ಸಂಸದರು, ಮತ ಹಾಕಿದ್ದೂ ಸರ್ಕಾರದ ವಿರುದ್ಧ.

ಸಾರ್ವಭೌಮ ದೇಶವೊಂದು ತನ್ನ ರಾಯಭಾರ ಕಚೇರಿಯೊಂದಿಗೆ ನಡೆಸುವ ಪತ್ರವ್ಯವಹಾರಕ್ಕೆ ರಾಜತಾಂತ್ರಿಕ ರಕ್ಷಣೆ ಇದೆ, ಹಾಗಾಗಿ ಹೌದು ಎನ್ನಲೂ ಅಲ್ಲ ಎನ್ನಲೂ ಆಗದು ಎಂಬುದು ಆಗಿನ ಹಣಕಾಸು ಸಚಿವ ಪ್ರಣವ್ ಮುಖರ್ಜಿ ಅವರ ನಿಲುವು. ಪ್ರಧಾನಿ ಮರುದಿನ ಹೇಳಿಕೆ ಕೊಟ್ಟು, ಇವು ಪರಿಶೀಲಿಸದ, ಪರಿಶೀಲಿಸಲೂ ಆಗದ ಊಹೆಯ ಮಾತುಗಳು ಅಂದರು. 2009ರ ಚುನಾವಣೆಯಲ್ಲಿ ಜನ ತಮ್ಮನ್ನೇ ಗೆಲ್ಲಿಸಿದ್ದಾರೆ ಎಂದೂ ನೆನಪಿಸಿದರು. ಚುನಾವಣೆ ಗೆದ್ದದ್ದು ಲಂಚದ ಪ್ರಶ್ನೆಗೆ ಉತ್ತರವಾಗುವುದಿಲ್ಲ. ಮತದಾರ ನ್ಯಾಯಾಧೀಶನ ಕೆಲಸ ಮಾಡಿರುವುದಿಲ್ಲ.

ವಿರೋಧ ಪಕ್ಷ ನಡೆದುಕೊಂಡದ್ದೂ ನೋಡುವಂತಿದೆ. ಪ್ರಧಾನಿ ರಾಜೀನಾಮೆ ಕೊಡಲಿ ಎಂದು ಬಿಜೆಪಿ ಪಟ್ಟುಹಿಡಿದಾಗ ಅಮೆರಿಕದ ಕೇಬಲ್ ಅದಕ್ಕೆ ವೇದವಾಕ್ಯವಾಗಿತ್ತು. ಕೆಲವೇ ದಿನಗಳಲ್ಲಿ, ಹಿಂದೂ ರಾಷ್ಟ್ರೀಯತೆ ಪಕ್ಷಕ್ಕೆ ಸಮಯಸಾಧಕ ವಿಷಯ ಎಂದು ಅರುಣ್ ಜೇಟ್ಲಿ ಹೇಳಿದರೆಂಬ ಕೇಬಲ್ ಬಂತು. ಆ ಪದ ನನ್ನದಲ್ಲ, ಬರೆದ ಅಧಿಕಾರಿಯದು ಎಂದು ಜೇಟ್ಲಿ ನಿರಾಕರಿಸಿದರು. ಗುಜರಾತಿನ ಮುಖ್ಯಮಂತ್ರಿಯಾಗಿದ್ದ ನರೇಂದ್ರ ಮೋದಿಯವರನ್ನು ಭ್ರಷ್ಟರಲ್ಲ ಎಂದು ಬಣ್ಣಿಸಿದ ಕೇಬಲ್ಲಿಗೆ ಮಾತ್ರ ಸ್ವಾಗತ ಸಿಕ್ಕಿತು. ಎಲ್ಲ ಪಕ್ಷಗಳೂ ತಮಗೆ ಬೇಕಾದ ಪುಟ ನಂಬಿದವು, ಬೇಡದ ಪುಟವನ್ನು ಸುಳ್ಳೆಂದವು. ಟಿವಿ ಚರ್ಚೆಗಳೂ ಅದೇ ಜಾಡಿನಲ್ಲಿ ಸಾಗಿದವು, ನೋಡುವ ನಾವೂ ಹಾಗೇ ಬೇರ್ಪಟ್ಟೆವು.

ಆಗ ಉತ್ತರ ಪ್ರದೇಶದ ಮುಖ್ಯಮಂತ್ರಿಯಾಗಿದ್ದ ಮಾಯಾವತಿ ಅವರ ಪ್ರಕರಣ ಜನರ ಬಾಯಲ್ಲಿ ಹೆಚ್ಚು ಉಳಿಯಿತು. ಚಪ್ಪಲಿ ತರಲು ಮುಂಬೈಗೆ ಖಾಲಿ ವಿಮಾನ ಕಳಿಸುತ್ತಾರೆ ಎಂಬ ಕೇಬಲ್ ಹೊರಬಂದಾಗ, ಅದನ್ನು ಸುಳ್ಳೆಂದ ಅವರು ಅಸಾಂಜ್ ಅವರನ್ನು ಆಗ್ರಾದ ಹುಚ್ಚಾಸ್ಪತ್ರೆಗೆ ಸೇರಿಸಬೇಕು ಅಂದರು. ಚಪ್ಪಲಿಯ ಸುದ್ದಿಗೆ ಸಿಕ್ಕ ಜಾಗದ ಕಾಲುಭಾಗವೂ ಅಣು ಒಪ್ಪಂದ, ಇರಾನ್ ಕುರಿತ ಮತದಾನ, ಸಚಿವ ಸಂಪುಟದ ಬದಲಾವಣೆಗಳ ಮೇಲೆ ಅಮೆರಿಕ ಇಟ್ಟಿದ್ದ ಕಣ್ಣು ಇವುಗಳ ಕೇಬಲ್‌ಗಳಿಗೆ ಸಿಗಲಿಲ್ಲ ಎಂಬುದು ನನ್ನ ದೊಡ್ಡ ತಕರಾರು.

ವಿಶ್ವಾಸಮತದ ಹಣದ ಪ್ರಕರಣ ಕೊನೆಗೆ ಏನಾಯಿತು?

ಬಿಜೆಪಿ ಸಂಸದರು ತೋರಿಸಿದ ಹಣದ ತನಿಖೆ ಸುಪ್ರೀಂ ಕೋರ್ಟ್ ಗದರಿದ ಮೇಲೆ ಚುರುಕಾಯಿತು. 2011ರ ಸೆಪ್ಟೆಂಬರಿನಲ್ಲಿ, ಆ ಮತದಾನದ ಹೊತ್ತಿಗೆ ಸಮಾಜವಾದಿ ಪಕ್ಷದ ನಾಯಕರಾಗಿದ್ದ ಅಮರ್ ಸಿಂಗ್ ಬಂಧನವಾಯಿತು. 2013ರಲ್ಲಿ ದೆಹಲಿಯ ನ್ಯಾಯಾಲಯ ಅವರನ್ನು ಆರೋಪದಿಂದ ಬಿಡುಗಡೆ ಮಾಡಿತು.

ಕರ್ನಾಟಕದ ಹೆಸರು ಈ ಕೇಬಲ್‌ಗಳಲ್ಲಿ ಇದೆಯೇ?

ಇದೆ. 2009ರ ಫೆಬ್ರವರಿಯ ಒಂದು ಕೇಬಲ್, ಯಾವ ಯಾವ ದೇಶದ ಯಾವ ಜಾಗಕ್ಕೆ ಧಕ್ಕೆಯಾದರೆ ಅಮೆರಿಕಕ್ಕೆ ಪೆಟ್ಟು ಬೀಳುತ್ತದೆ ಎಂಬ ದೊಡ್ಡ ಪಟ್ಟಿ. ಸಮುದ್ರದಡಿಯ ದೂರಸಂಪರ್ಕ ತಂತಿಗಳು, ಔಷಧ ಕಾರ್ಖಾನೆಗಳು, ಗಣಿಗಳು ಅದರಲ್ಲಿವೆ. ಭಾರತದ ಸಾಲಿನಲ್ಲಿ ಒಡಿಶಾ ಮತ್ತು ಕರ್ನಾಟಕದ ಕ್ರೋಮೈಟ್ ಗಣಿಗಳ ಉಲ್ಲೇಖವಿದೆ. ನಮ್ಮಲ್ಲಿ ಕ್ರೋಮೈಟ್ ಎಂದರೆ ಹಾಸನ ಜಿಲ್ಲೆಯ ನುಗ್ಗೇಹಳ್ಳಿ, ಬೈರಾಪುರದ ಸುತ್ತಿನ ಪ್ರದೇಶ ನೆನಪಾಗುತ್ತದೆ. ತುಕ್ಕು ಹಿಡಿಯದ ಉಕ್ಕಿಗೆ ಬೇಕಾದ ಕ್ರೋಮಿಯಂ ಬರುವುದು ಈ ಅದಿರಿನಿಂದ. ದಾಳಿಕೋರರಿಗೆ ಗುರಿ ತೋರಿಸಿಕೊಟ್ಟಂತಾಯಿತು ಎಂದು ಈ ಪಟ್ಟಿಯ ಪ್ರಕಟಣೆಗೆ ಆಗ ಕಟುಟೀಕೆ ಬಂತು. ಸೋರಿಕೆಯನ್ನು ಬೆಂಬಲಿಸುವ ನನಗೂ ಈ ಟೀಕೆ ಸರಿ ಅನ್ನಿಸುತ್ತದೆ. ಆ ಪಟ್ಟಿಯಿಂದ ಯಾವ ಅಕ್ರಮವೂ ಬಯಲಾಗಲಿಲ್ಲ.

ಆಗ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಇರಲಿಲ್ಲ, ಅದು ಬಂದದ್ದು 2025ರ ಜನವರಿಯಲ್ಲಿ. ಕರ್ನಾಟಕದ ರಾಜಕೀಯ, ಉದ್ಯಮದ ಮೇಲಿನ ವರದಿಗಳು ಚೆನ್ನೈನಿಂದ ಹೋಗುತ್ತಿದ್ದವು. ಹುಡುಕುವವರು ಚೆನ್ನೈ ಕಾನ್ಸುಲೇಟಿನ ಕೇಬಲ್‌ಗಳನ್ನು ನೋಡಬೇಕು. ಸೋರಿಕೆಯ ಹೊತ್ತಿಗೆ ದೇಶದ ವಿದೇಶಾಂಗ ಸಚಿವರಾಗಿದ್ದವರು ನಮ್ಮ ಎಸ್.ಎಂ. ಕೃಷ್ಣ.

ಸುಳ್ಳು ಕೇಬಲ್‌ಗಳೂ ಹರಿದಾಡಿದವೇ?

ಹೌದು. 2010ರ ಡಿಸೆಂಬರಿನಲ್ಲಿ ಪಾಕಿಸ್ತಾನದ ಕೆಲವು ಪ್ರಮುಖ ಪತ್ರಿಕೆಗಳು ಭಾರತದ ಸೇನಾಧಿಕಾರಿಗಳನ್ನು ಹೀನಾಯವಾಗಿ ಬಣ್ಣಿಸುವ ಕೇಬಲ್‌ಗಳಿವೆ ಎಂದು ಮುಖಪುಟದಲ್ಲಿ ಬರೆದವು. ಇಡೀ ಸಂಗ್ರಹ ಕೈಯಲ್ಲಿದ್ದ ದಿ ಗಾರ್ಡಿಯನ್ ಹುಡುಕಿ ನೋಡಿ, ಅಂಥವು ಇಲ್ಲವೇ ಇಲ್ಲ ಎಂದು ತೋರಿಸಿತು. ಪತ್ರಿಕೆಗಳು ವಿಷಾದ ವ್ಯಕ್ತಪಡಿಸಬೇಕಾಯಿತು.

ಸೋರಿಕೆಯಿಂದ ಜನರ ಜೀವಕ್ಕೆ ಅಪಾಯವಾಯಿತೇ?

ಈ ಪ್ರಶ್ನೆಗೆ ಎರಡೂ ಕಡೆಯವರು ಉತ್ಪ್ರೇಕ್ಷೆ ಮಾಡುತ್ತಾರೆ. ಮ್ಯಾನಿಂಗ್ ಶಿಕ್ಷೆಯ ವಿಚಾರಣೆಯಲ್ಲಿ, ಸೋರಿಕೆಯ ಪರಿಣಾಮ ಪರಿಶೀಲಿಸಿದ ತಂಡದ ಮುಖ್ಯಸ್ಥ ಬ್ರಿಗೇಡಿಯರ್ ಜನರಲ್ ರಾಬರ್ಟ್ ಕಾರ್ ಸಾಕ್ಷ್ಯ ನುಡಿದರು. ಕೇಬಲ್‌ಗಳ ಜೊತೆಗೆ ಮ್ಯಾನಿಂಗ್ ಹೊರತಂದಿದ್ದ ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧ ದಾಖಲೆಗಳಲ್ಲಿ ಹೆಸರು ಬಂದ ಕಾರಣಕ್ಕೆ ಕೊಲೆಯಾದವರ ಒಂದು ಉದಾಹರಣೆಯನ್ನೂ ಅವರು ಕೊಡಲಾಗಲಿಲ್ಲ. ಆಗ ‘ವಿಕಿಲೀಕ್ಸ್ ಕೈಗೆ ರಕ್ತ ಮೆತ್ತಿದೆ’ ಎಂದು ಅಬ್ಬರಿಸಿದವರು ಇದನ್ನು ಓದಬೇಕು.

ಹಾಗೆಂದು ಯಾರಿಗೂ ಏನೂ ಆಗಲಿಲ್ಲ ಎನ್ನುವುದೂ ತಪ್ಪು. 2011ರ ಸೆಪ್ಟೆಂಬರ್ ಆರಂಭದಲ್ಲಿ ವಿಕಿಲೀಕ್ಸ್ ಎಲ್ಲ 2,51,287 ಕೇಬಲ್‌ಗಳನ್ನೂ ಒಂದು ಹೆಸರನ್ನೂ ಅಳಿಸದೆ ಪ್ರಕಟಿಸಿತು. ಕಡತದ ಪಾಸ್‌ವರ್ಡ್ ಅದಕ್ಕೆ ಮೊದಲೇ ಪುಸ್ತಕವೊಂದರಲ್ಲಿ ಅಚ್ಚಾಗಿತ್ತು, ಕಡತವೂ ಅಂತರ್ಜಾಲದಲ್ಲಿ ಓಡಾಡುತ್ತಿತ್ತು ಎಂಬುದು ವಿಕಿಲೀಕ್ಸಿನ ಸಮರ್ಥನೆ. ಜೊತೆಗಿದ್ದ ಐದೂ ಪತ್ರಿಕೆಗಳು ಒಕ್ಕೊರಲಿನಿಂದ ಖಂಡಿಸಿದವು. ಅದೇ ತಿಂಗಳು ಇಥಿಯೋಪಿಯಾದ ಒಬ್ಬ ಪತ್ರಕರ್ತ, ಕೇಬಲ್‌ನಲ್ಲಿ ತನ್ನ ಹೆಸರು ಬಂದದ್ದರಿಂದ ಅಧಿಕಾರಿಗಳ ವಿಚಾರಣೆ ಎದುರಿಸಿ ದೇಶ ಬಿಟ್ಟ. ಮಂತ್ರಿಯ ಹೆಸರು ಹೊರಬಂದರೆ ಮುಜುಗರ, ಅಷ್ಟೆ. ಯಾವುದೋ ಸರ್ವಾಧಿಕಾರಿಯ ನಾಡಿನಲ್ಲಿ ನಂಬಿಕೆಯಿಟ್ಟು ಮಾತಾಡಿದ ವರದಿಗಾರ, ವಕೀಲ, ಕಾರ್ಯಕರ್ತನಿಗೆ ಅದು ಬದುಕಿನ ಪ್ರಶ್ನೆ. ತಿಂಗಳುಗಟ್ಟಲೆ ಪತ್ರಿಕೆಗಳು ಸಾಲು ಸಾಲು ಓದಿ ಹೆಸರು ಅಳಿಸುತ್ತಿದ್ದ ಶ್ರಮವನ್ನು ಹೀಗೆ ಬಿಟ್ಟುಕೊಟ್ಟದ್ದನ್ನು ನಾನು ಕ್ಷಮಿಸಲಾರೆ.

ರಾಯಭಾರಿಗಳ ಕೆಲಸ ಕೆಟ್ಟಿತೇ?

ಕೆಲವರದು ಕೆಟ್ಟಿತು. ಮೆಕ್ಸಿಕೋದ ಮಾದಕವಸ್ತು ವಿರೋಧಿ ಕಾರ್ಯಾಚರಣೆಯನ್ನು ಟೀಕಿಸಿದ್ದ ರಾಯಭಾರಿ ಕಾರ್ಲೋಸ್ ಪಾಸ್ಕ್ವಾಲ್ 2011ರ ಮಾರ್ಚಿನಲ್ಲಿ ರಾಜೀನಾಮೆ ಕೊಟ್ಟರು. ಮರುತಿಂಗಳು ಈಕ್ವೆಡಾರ್ ಅಮೆರಿಕದ ರಾಯಭಾರಿಯನ್ನು ಹೊರಗಟ್ಟಿತು. ಇಬ್ಬರೂ ಮಾಡಿದ್ದು ತಮ್ಮ ಕೆಲಸವನ್ನೇ, ಕಂಡದ್ದನ್ನು ಮೇಲಕ್ಕೆ ಬರೆದದ್ದು. ಅವರ ಬಗ್ಗೆ ಸಹಾನುಭೂತಿ ಇರಬೇಕು.

ಆದರೆ ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳ ಕೇಬಲ್ ನೋಡಿ. ಅಮೆರಿಕದ ಡಿಯಾಗೊ ಗಾರ್ಸಿಯಾ ಸೇನಾನೆಲೆಗಾಗಿ ಬ್ರಿಟನ್ ಆ ದ್ವೀಪಗಳ ಜನರನ್ನೇ ಒಕ್ಕಲೆಬ್ಬಿಸಿತ್ತು. ಅಲ್ಲಿ ಸಮುದ್ರ ಸಂರಕ್ಷಣಾ ವಲಯ ಮಾಡಿದರೆ ಹಿಂದಿನ ನಿವಾಸಿಗಳು ಮರಳುವ ಬೇಡಿಕೆ ಬಿದ್ದುಹೋಗುತ್ತದೆ ಎಂಬರ್ಥದಲ್ಲಿ ಬ್ರಿಟಿಷ್ ಅಧಿಕಾರಿಯೊಬ್ಬರು ಅಮೆರಿಕನ್ನರಿಗೆ ಹೇಳಿದ್ದು 2009ರ ಕೇಬಲ್‌ನಲ್ಲಿದೆ. ಆ ಕೇಬಲನ್ನು ಸಾಕ್ಷ್ಯವಾಗಿ ನೋಡಬಹುದು ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ಮೊಕದ್ದಮೆಯನ್ನು ದ್ವೀಪದವರು ಗೆಲ್ಲಲಿಲ್ಲ, ನಿಜ. ಆದರೂ ಹವಳದ ರಕ್ಷಣೆಯ ಮಾತಿನ ಹಿಂದೆ ತಮ್ಮನ್ನು ಹೊರಗಿಡುವ ಲೆಕ್ಕವೂ ಇತ್ತು ಎಂದು ಆ ಜನರಿಗೆ ಬೇರೆ ಯಾರು ಹೇಳುತ್ತಿದ್ದರು?

ಮ್ಯಾನಿಂಗ್ ಮತ್ತು ಅಸಾಂಜ್ ಈಗ ಏನಾಗಿದ್ದಾರೆ? ಜನರ ಮನಸ್ಸು ಬದಲಾಯಿತೇ?

ಕ್ವಾಂಟಿಕೊ ಸೆರೆಮನೆಯಲ್ಲಿ ಮ್ಯಾನಿಂಗ್ ಅವರನ್ನು ಒಂಟಿಯಾಗಿಟ್ಟ ರೀತಿ ಮೊದಲ ಬಾರಿಗೆ ಅಮೆರಿಕದಲ್ಲೇ ಅಸಮಾಧಾನ ಎಬ್ಬಿಸಿತು. ಅದನ್ನು ಬಹಿರಂಗವಾಗಿ ಮೂರ್ಖತನ ಎಂದ ವಿದೇಶಾಂಗ ಇಲಾಖೆಯ ವಕ್ತಾರ ಪಿ.ಜೆ. ಕ್ರೌಲಿ 2011ರ ಮಾರ್ಚಿನಲ್ಲಿ ಹುದ್ದೆ ಬಿಡಬೇಕಾಯಿತು. 2013ರಲ್ಲಿ ಸೇನಾ ನ್ಯಾಯಾಲಯ ಶತ್ರುವಿಗೆ ನೆರವಾದ ಆರೋಪ ಕೈಬಿಟ್ಟು, ಬೇರೆ ಆರೋಪಗಳಿಗೆ 35 ವರ್ಷ ಶಿಕ್ಷೆ ವಿಧಿಸಿತು. ಅಧ್ಯಕ್ಷ ಒಬಾಮ ಶಿಕ್ಷೆ ತಗ್ಗಿಸಿದ್ದರಿಂದ 2017ರ ಮೇ 17ರಂದು ಬಿಡುಗಡೆಯಾಯಿತು.

ಅಸಾಂಜ್ 2012ರಿಂದ 2019ರವರೆಗೆ ಲಂಡನ್ನಿನ ಈಕ್ವೆಡಾರ್ ರಾಯಭಾರ ಕಚೇರಿಯಲ್ಲಿ ಆಶ್ರಯ ಪಡೆದು, ನಂತರ ಐದು ವರ್ಷ ಬೆಲ್‌ಮಾರ್ಶ್ ಸೆರೆಮನೆಯಲ್ಲಿ ಕಳೆದರು. ಅವರ ಮೇಲಿನ ಸ್ವೀಡನ್ನಿನ ಲೈಂಗಿಕ ದೌರ್ಜನ್ಯದ ದೂರು ಪ್ರತ್ಯೇಕ ವಿಷಯ, ಅದನ್ನು ಸೋರಿಕೆಯ ಜೊತೆ ಕಲೆಸಬಾರದು. 2010ರಲ್ಲಿ ಅಸಾಂಜ್ ಅವರ ತಾಯ್ನಾಡಾದ ಆಸ್ಟ್ರೇಲಿಯಾದ ಪ್ರಧಾನಿ ಜೂಲಿಯಾ ಗಿಲ್ಲಾರ್ಡ್ ಈ ಪ್ರಕಟಣೆಯನ್ನೇ ಕಾನೂನುಬಾಹಿರ ಎಂದಿದ್ದರು. 2024ರ ಫೆಬ್ರವರಿಯಲ್ಲಿ ಅದೇ ದೇಶದ ಸಂಸತ್ತು ಅಸಾಂಜ್ ಅವರನ್ನು ಮನೆಗೆ ಕಳಿಸಿ ಎಂಬ ನಿರ್ಣಯವನ್ನು 86–42 ಮತಗಳಿಂದ ಅಂಗೀಕರಿಸಿತು. ಜೂನ್ 26ರಂದು ಅಮೆರಿಕದ ಅಧೀನದಲ್ಲಿರುವ ಸೈಪಾನ್ ದ್ವೀಪದ ನ್ಯಾಯಾಲಯದಲ್ಲಿ ಒಂದು ಆರೋಪ ಒಪ್ಪಿಕೊಂಡು, ಕಳೆದ ಸೆರೆವಾಸವನ್ನೇ ಶಿಕ್ಷೆಯಾಗಿ ಪಡೆದು ಅಸಾಂಜ್ ಊರಿಗೆ ಮರಳಿದರು. ಹದಿನಾಲ್ಕು ವರ್ಷಗಳಲ್ಲಿ ಆಸ್ಟ್ರೇಲಿಯಾ ಇಷ್ಟು ದೂರ ಬಂದದ್ದು ಅಲ್ಲಿನ ಜನ ಬಿಡದೆ ಒತ್ತಾಯಿಸಿದ್ದರಿಂದ.

ಭಾರತ ಸರ್ಕಾರದ ರಹಸ್ಯ ದಾಖಲೆ ಹೀಗೆ ಹೊರಬಂದರೆ ಕಾನೂನು ಏನನ್ನುತ್ತದೆ?

ನಮ್ಮಲ್ಲಿ ಇಂದಿಗೂ ಜಾರಿಯಲ್ಲಿರುವುದು ಬ್ರಿಟಿಷರ ಕಾಲದ 1923ರ ಅಧಿಕೃತ ರಹಸ್ಯಗಳ ಕಾಯ್ದೆ. ಅದರ 5ನೇ ಸೆಕ್ಷನ್ ದಾಖಲೆ ಕೊಟ್ಟವರನ್ನಷ್ಟೇ ಅಲ್ಲ, ಗೊತ್ತಿದ್ದೂ ಪಡೆದವರನ್ನೂ ಅಪರಾಧಿಯಾಗಿಸಬಹುದು. ಇದಕ್ಕೆ ಎದುರಾಗಿ 2005ರ ಮಾಹಿತಿ ಹಕ್ಕು ಕಾಯ್ದೆಯ 8(2) ಕಲಮು ಇದೆ: ಸಾರ್ವಜನಿಕ ಹಿತ ದೊಡ್ಡದಾದರೆ ಹಳೆಯ ಕಾಯ್ದೆಯನ್ನೂ ಮೀರಿ ಮಾಹಿತಿ ಕೊಡಬಹುದು. 2019ರಲ್ಲಿ ರಫೇಲ್ ವಿಮಾನ ಖರೀದಿಯ ಕಡತಗಳು ದಿ ಹಿಂದೂ ಪತ್ರಿಕೆಯಲ್ಲಿ ಬಂದಾಗ, ಅನಧಿಕೃತವಾಗಿ ಹೊರಬಂದ ಇವನ್ನು ನ್ಯಾಯಾಲಯ ನೋಡಬಾರದು ಎಂದು ಕೇಂದ್ರ ವಾದಿಸಿತು. ಏಪ್ರಿಲ್ 10ರಂದು ಸುಪ್ರೀಂ ಕೋರ್ಟ್ ಆ ಆಕ್ಷೇಪ ತಳ್ಳಿಹಾಕಿತು. ಮರುಪರಿಶೀಲನಾ ಅರ್ಜಿಗಳು ಕೊನೆಗೆ ವಜಾ ಆದವು. ಆದರೂ ಪ್ರಕಟವಾದ ದಾಖಲೆಯನ್ನು ನ್ಯಾಯಾಲಯ ಕಣ್ಣೆತ್ತಿ ನೋಡಬಹುದು ಎಂಬ ಮಾತು ಉಳಿದಿದೆ.

ಮೂಲ ಕೇಬಲ್ ಓದಬೇಕೆಂದರೆ ಏನು ಗಮನಿಸಬೇಕು?

ಪ್ರತಿ ಕೇಬಲ್ಲಿಗೂ ವರ್ಷ, ಕಳಿಸಿದ ಊರು ಮತ್ತು ಕ್ರಮಸಂಖ್ಯೆ ಸೇರಿದ ಗುರುತು ಇರುತ್ತದೆ. ವಾಟ್ಸ್ಯಾಪಿನಲ್ಲಿ ಬಂದ ತುಣುಕಿಗೆ ಈ ಗುರುತಿಲ್ಲದಿದ್ದರೆ ನಂಬಬೇಡಿ. ಇದ್ದರೆ ಆ ಸಂಖ್ಯೆ ಹಾಕಿ ಪೂರ್ತಿ ಪತ್ರ ಓದಿ. ಅದರಲ್ಲಿ ಅಧಿಕಾರಿ ಕಣ್ಣಾರೆ ಕಂಡದ್ದು ಯಾವುದು, ಇನ್ನೊಬ್ಬರು ಹೇಳಿದ್ದನ್ನು ಬರೆದದ್ದು ಯಾವುದು, ತನ್ನ ಅಭಿಪ್ರಾಯ ಸೇರಿಸಿದ್ದು ಯಾವುದು ಎಂದು ಬೇರ್ಪಡಿಸಿಕೊಳ್ಳಿ. ಅಭಿಪ್ರಾಯದ ಭಾಗಕ್ಕೆ ಹೆಚ್ಚಾಗಿ ಪ್ರತ್ಯೇಕ ಶೀರ್ಷಿಕೆಯೇ ಇರುತ್ತದೆ. ಹಣದ ಪೆಟ್ಟಿಗೆಯ ಕೇಬಲನ್ನೇ ಹೀಗೆ ಓದಿದರೆ, ಪೆಟ್ಟಿಗೆ ತೋರಿಸಿದ್ದು ಸಿಬ್ಬಂದಿ ಕಂಡದ್ದೆಂದು ಬರೆದ ಸಂಗತಿ, ಸಂಸದರಿಗೆ ಹಣ ಸಂದಾಯವಾಯಿತು ಎಂಬುದು ಆ ಸಹಾಯಕನ ಮಾತು. 2011ರಲ್ಲಿ ಸಂಸತ್ತಿನಲ್ಲಿ ಕೂಗಾಡಿದ ಎರಡೂ ಕಡೆಯವರು ಇವೆರಡನ್ನೂ ಒಂದೇ ಮಾಡಿಬಿಟ್ಟಿದ್ದರು.